ಗಿಟಾರ್ ವಾದನವೂ ಅಂತರ್ಜಾಲದ ಪಾಠಗಳೂ

ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಯೂರೋಪಿನ ಶಾಸ್ತ್ರೀಯ ಪದ್ಧತಿಯ ಗಿಟಾರ್ ವಾದನವನ್ನು ಅಂತರ್ಜಾಲದ ಮೂಲಕ ಕಲಿಯಲು ತೊಡಗಿರುವರು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮೊಬೈಲಿನ ಮುಂದೆ ಕುಳಿತು ಪಾಠ ಕೇಳುವ ರೂಢಿಯು ಎಷ್ಟೋ ಮನೆಗಳನ್ನು ಹೊಕ್ಕಿತು. ಶಾಲೆಗಳು ತೆರೆದ ಮೇಲೂ ಸಂಗೀತದ ಪಾಠಗಳಲ್ಲಿ ಅದು ನಿಂತಿದೆ. ಇದು ಹಿತವೋ ಅಹಿತವೋ ಎಂದು ತಂದೆತಾಯಂದಿರು ಕೇಳುವುದು ಸಹಜವೇ ಸರಿ. ಗುರುವಿನ ಸನ್ನಿಧಿಯಿಲ್ಲದೆ ಸಂಗೀತವೇ ಇಲ್ಲವೆಂದು ಕೆಲವರೂ, ಇನ್ನು ಮುಂದೆ ಗುರುವೇ ಬೇಡವೆಂದು ಕೆಲವರೂ ಹೇಳುತ್ತಾರೆ. ಈ ಎರಡು ಮಾತುಗಳೂ ಅರ್ಧಸತ್ಯಗಳೆಂದು ನನ್ನ ಅಭಿಪ್ರಾಯ.

ದೂರದಿಂದ ಕಲಿಯುವುದು ಈ ವಾದ್ಯಕ್ಕೆ ಹೊಸತಲ್ಲ. ಸ್ಪೇನಿನಲ್ಲಿ ಹುಟ್ಟಿದ ಫೆರ್ನಾಂದೋ ಸೋರ್ ಎಂಬವರು 1830ರಲ್ಲಿ ಪ್ಯಾರಿಸಿನಲ್ಲಿ ಗಿಟಾರ್ ಕಲಿಕೆಯ ಗ್ರಂಥವೊಂದನ್ನು ಪ್ರಕಟಿಸಿದರು. ಇಟಲಿಯ ಮತ್ತೇಯೋ ಕರ್ಕಾಸಿಯವರು ರಚಿಸಿದ 25 ಅಭ್ಯಾಸ ಕೃತಿಗಳನ್ನು ಇಂದಿಗೂ ವಿದ್ಯಾರ್ಥಿಗಳು ನುಡಿಸುತ್ತಾರೆ. ಈ ಗುರುಗಳನ್ನು ಕಾಣದವರೂ ಅವರ ಪುಸ್ತಕಗಳಿಂದ ಕಲಿತರು. 20ನೆಯ ಶತಮಾನದಲ್ಲಿ ಈ ವಾದ್ಯಕ್ಕೆ ಲೋಕವಿಖ್ಯಾತಿಯನ್ನು ತಂದ ಆಂದ್ರೇಸ್ ಸೆಗೋವಿಯಾ (1893–1987) ಅವರೂ ಬಹುಮಟ್ಟಿಗೆ ಸ್ವಂತ ಪ್ರಯತ್ನದಿಂದಲೇ ಕಲಿತವರು. ಆದರೆ ಎಲ್ಲರೂ ಸೆಗೋವಿಯಾ ಅಲ್ಲವೆಂಬುದನ್ನೂ ನಾವು ಮರೆಯಲಾಗದು.

ಪುಸ್ತಕಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಮುಂಚಿತವಾಗಿ ಚಿತ್ರಿಸಿಟ್ಟ ಪಾಠಕ್ಕೆ ಬಾಯಿ ಬಂದಿದೆ, ಕೈ ಬಂದಿದೆ; ಆದರೆ ಕಣ್ಣು ಕಿವಿಗಳು ಬಂದಿಲ್ಲ. ಗುರುವನ್ನು ಶಿಷ್ಯೆ ನೋಡುವಳು, ಶಿಷ್ಯೆಯನ್ನು ಗುರು ನೋಡರು. ಎಡಪಾದವನ್ನು ಚಿಕ್ಕ ಮಣೆಯ ಮೇಲಿಟ್ಟು, ಎಡತೊಡೆಯ ಮೇಲೆ ವಾದ್ಯವನ್ನು ನಿಲ್ಲಿಸಿಕೊಂಡು, ಮಣಿಕಟ್ಟನ್ನು ಬಿಗಿಯದೆ ನುಡಿಸತಕ್ಕದ್ದೆಂದು ಅವಳು ಕೇಳಿರಬಹುದು. ತನ್ನ ಮಣಿಕಟ್ಟು ಬಾಗಿರುವುದನ್ನಾಗಲಿ ಹೆಗಲು ಏರಿರುವುದನ್ನಾಗಲಿ ಅವಳಿಗೆ ಹೇಳುವವರು ಯಾರು? ಹೀಗೆ ಬೇರೂರಿದ ತಪ್ಪು ಕೈಯನ್ನು ನೋಯಿಸುವುದು. ನೋವಿನಿಂದ ವಾದ್ಯವು ಮೂಲೆಗೆ ಸೇರುವುದು.

ಆದಕಾರಣ ಗುರುವು ಅದೇ ಕ್ಷಣದಲ್ಲಿ ನೋಡಿ ತಿದ್ದುವ ಪಾಠವನ್ನೇ ಆರಿಸಿಕೊಳ್ಳಬೇಕು. ಅದರಲ್ಲಿಯೂ ಕೊರತೆಗಳುಂಟು. ಧ್ವನಿಯು ತುಸು ತಡವಾಗಿ ತಲಪುವುದರಿಂದ ಗುರುಶಿಷ್ಯೆಯರು ಕೂಡಿ ನುಡಿಸಲಾರರು. ಮಾತಿಗಾಗಿ ಸಿದ್ಧಪಡಿಸಿದ ಯಂತ್ರವು ತಂತಿಯ ನೀಳವಾದ ನಾದವನ್ನು ಗದ್ದಲವೆಂದೆಣಿಸಿ ಅಡಗಿಸಿಬಿಡುವುದೂ ಉಂಟು. ಗದ್ದಲವನ್ನಡಗಿಸುವ ಆ ಏರ್ಪಾಡನ್ನು ಪಾಠಕ್ಕೆ ಮೊದಲೇ ನಿಲ್ಲಿಸಬೇಕು. ಬೆರಳು ತಂತಿಯನ್ನು ಮೀಟಿ ಪಕ್ಕದ ತಂತಿಯ ಮೇಲೆ ವಿಶ್ರಮಿಸುವ ಬಗೆಗೂ, ಮೀಟಿ ಗಾಳಿಯಲ್ಲಿ ನಿಲ್ಲುವ ಬಗೆಗೂ ಇರುವ ನಾದಭೇದವು ಮೊಬೈಲಿನಲ್ಲಿ ಮಾಸಿಹೋಗುವುದು. ಪ್ರತಿ ವಾರವೂ ತನ್ನ ವಾದನವನ್ನು ಚಿತ್ರಿಸಿ ಗುರುವಿಗೆ ಕಳುಹಿಸಿದರೆ ಈ ಕೊರತೆಯು ಬಹಳಷ್ಟು ನೀಗುವುದು. ತನ್ನ ತಪ್ಪನ್ನು ತಾನೇ ಕೇಳುವ ಕಿವಿಯೂ ಅವಳಿಗೆ ಬರುವುದು.

ಇಷ್ಟು ಕೊರತೆಗಳಿರುವಾಗ ಇದನ್ನೇಕೆ ಸಮರ್ಥಿಸಬೇಕೆಂದು ಕೇಳಬಹುದು. ಈ ವಾದ್ಯವನ್ನು ಬಲ್ಲ ಶಿಕ್ಷಕರು ಸಣ್ಣ ಊರುಗಳಲ್ಲಿ ಸಿಗುವುದು ವಿರಳ. ಸಂಜೆಯ ಬಸ್ಸಿನಲ್ಲಿ ಮಗಳನ್ನು ದೂರದ ಪಟ್ಟಣಕ್ಕೆ ಕಳುಹಿಸಲು ಮನೆಯವರು ಅಂಜುತ್ತಾರೆ. ಅಣ್ಣತಮ್ಮಂದಿರಾದರೆ ಹೋಗಿ ಕಲಿತು ಬರುವರು. ಅವಳು ಮನೆಯಲ್ಲಿ ಉಳಿಯುವಳು. ಅಂಥವಳ ಮುಂದಿರುವ ಆಯ್ಕೆಯು ಒಳ್ಳೆಯ ಪಾಠ, ಕಡಮೆಯ ಪಾಠ ಇವುಗಳ ನಡುವಿನದಲ್ಲ. ಪಾಠವುಂಟೋ ಇಲ್ಲವೋ ಎಂಬುದೇ. ವಿವಾಹವಾಗಿ ದೂರ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈ ಮಾತು ಸಲ್ಲುವುದು.

ತಂದೆತಾಯಂದಿರಲ್ಲಿ ಕೆಲವು ಬಿನ್ನಹಗಳಿವೆ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರನ್ನೇ ಕೊಳ್ಳಿರಿ. ಅದಕ್ಕೆ ಉಕ್ಕಿನ ತಂತಿಗಳನ್ನು ಬಿಗಿದರೆ ಅವುಗಳ ಸೆಳೆತಕ್ಕೆ ವಾದ್ಯವು ಕೆಡುವುದು. ಚಿಕ್ಕ ಹುಡುಗಿಗೆ ಚಿಕ್ಕ ಅಳತೆಯ ವಾದ್ಯವನ್ನು ಕೊಡಿಸಿರಿ. ಮೊದಲ ಕೆಲವು ಪಾಠಗಳಾದರೂ, ಅನಂತರ ರಜೆಗೊಮ್ಮೆಯಾದರೂ, ಗುರುವಿನ ಎದುರಿನಲ್ಲಿ ನಡೆಯಲಿ. ದಿನಕ್ಕೆ ಅರ್ಧ ಗಂಟೆ ಅವಳಿಗೆ ಬಾಗಿಲು ಮುಚ್ಚಿದ ಕೋಣೆಯನ್ನು ಕೊಡಿರಿ. ಆ ಹೊತ್ತಿನಲ್ಲಿ ಒಲೆಯ ಮೇಲಿನ ಹಾಲು ನೋಡಲು ಅವಳನ್ನೇ ಕರೆಯಬೇಡಿರಿ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆಯು ನಿಜ. ಆದರೆ ಹಾಡಲು ಹೊತ್ತು ಬೇಕಷ್ಟೆ.

ಶಾಲೆಯೂ ಒಂದು ಕೋಣೆಯಲ್ಲಿ ಎರಡು ಗಿಟಾರುಗಳನ್ನಿಟ್ಟು, ಮನೆಯಲ್ಲಿ ಸೌಕರ್ಯವಿಲ್ಲದ ಹುಡುಗಿಯರಿಗೆ ಪಾಠದ ಹೊತ್ತಿನಲ್ಲಿ ಅಂತರ್ಜಾಲದ ಅನುಕೂಲವನ್ನು ಒದಗಿಸಲಿ. ಈ ವಾದ್ಯವನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆರಡು ಸಾರಿ ಬಂದು ಅವರ ಕೈಗಳನ್ನು ನೋಡಿ ತಿದ್ದಲಿ. ದೂರದ ಗುರುವು ಕಾಣಲಾರದ್ದನ್ನು ಹತ್ತಿರದ ಅಕ್ಕ ಕಾಣುವಳು. ಇದಕ್ಕೆ ಬೇಕಾದ ಹಣವು ಅಲ್ಪ. ಮನಸ್ಸು ಮಾತ್ರ ದೊಡ್ಡದಿರಬೇಕು.