ಗ್ಯಾರಂಟಿ ಎಂದರೆ ದಿವಾಳಿಯಲ್ಲ

ಕಮ್ಯುನಿಸ್ಟ್ ಆಡಳಿತದಿಂದ ಹೊರಬಂದ ಪೂರ್ವ ಯುರೋಪಿನ ದೇಶಗಳು ಜನಪ್ರಿಯ ಯೋಜನೆಗಳಿಂದ ಹಾಳಾದವು, ಕರ್ನಾಟಕ ಸರ್ಕಾರದ ಗ್ಯಾರಂಟಿ ಯೋಜನೆಗಳೂ ಅದೇ ದಾರಿ ಹಿಡಿದಿವೆ, ಬೀದರಿನಂಥ ಜಿಲ್ಲೆಗೆ ಬೇಕಿರುವುದು ಕೈಗೆ ಹಣವಲ್ಲ, ಕೈಗಾರಿಕೆ ಎಂಬುದು ಗ್ಯಾರಂಟಿಗಳನ್ನು ಟೀಕಿಸಿದ ಲೇಖನವೊಂದರ ಲೇಖಕರ ವಾದ. ಕೈಗಾರಿಕೆ ಬೇಕು, ಒಪ್ಪುತ್ತೇನೆ. ಉಳಿದದ್ದು ನಿಲ್ಲುವುದಿಲ್ಲ.

ಪೋಲೆಂಡ್ 2016ರ ಏಪ್ರಿಲ್‌ನಿಂದ ಮಕ್ಕಳಿರುವ ಕುಟುಂಬಗಳಿಗೆ, ಸಾಮಾನ್ಯವಾಗಿ ಎರಡನೇ ಮಗುವಿನಿಂದ ಮುಂದಕ್ಕೆ, ಮಗುವೊಂದಕ್ಕೆ ತಿಂಗಳಿಗೆ 500 ಝ್ಲೋಟಿ ಕೊಡತೊಡಗಿತು. ಖಜಾನೆ ಬರಿದಾಗುತ್ತದೆ ಎಂದರು. 2018ರಲ್ಲಿ ಅದರ ವಿತ್ತೀಯ ಕೊರತೆ ಜಿಡಿಪಿಯ ಶೇ 1ಕ್ಕಿಂತ ಕೆಳಗಿತ್ತು. ಹಂಗೆರಿ ಮಾಡಿದ್ದೇ ಬೇರೆ: ಪೆಟ್ರೋಲ್ ಮತ್ತು ಆಹಾರದ ಬೆಲೆಗೆ ಸರ್ಕಾರಿ ಮಿತಿ ಹೇರಿತು. ಬಂಕುಗಳಲ್ಲಿ ಇಂಧನ ಸಿಗದಂತಾಗಿ 2022ರ ಡಿಸೆಂಬರ್‌ನಲ್ಲಿ ಇಂಧನದ ಮಿತಿ ತೆಗೆಯಬೇಕಾಯಿತು. ಮರುತಿಂಗಳು ಹಣದುಬ್ಬರ ಶೇ 25 ದಾಟಿತು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವುದು ತಪ್ಪು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಪೋಲೆಂಡಿನ ಬಗೆಯದು.

ಹಣ ಸಿಕ್ಕವರು ಕೂಲಿಗೆ ಬರುವುದಿಲ್ಲವಂತೆ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ತಿಂಗಳಿಗೆ 2,000 ಎಂದರೆ ಆರು ದಿನದ ಕೂಲಿಗೂ ಕಡಿಮೆ. ಅಷ್ಟಕ್ಕೆ ಬೀದರ್ ಜಿಲ್ಲೆಯ ಭಾಲ್ಕಿಯ ಯಾವ ಹೆಣ್ಣುಮಗಳು ಸೋಯಾ ರಾಶಿ ಬಿಟ್ಟು ಮನೆಯಲ್ಲಿ ಕೂರುತ್ತಾಳೆ? ಅದೇ ಜಿಲ್ಲೆಯ ಔರಾದಿಗೆ ರೈಲಿಲ್ಲ. ಬೀದರಿನ ಆಸ್ಪತ್ರೆಗೂ ಕಾಲೇಜಿಗೂ ಬಸ್ಸೇ ಗತಿ. ಅಲ್ಲಿ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಹೆಣ್ಣುಮಕ್ಕಳನ್ನು ದುಡಿಮೆಗೂ ಓದಿಗೂ ತಲುಪಿಸುವ ಯೋಜನೆ. ಗೃಹಲಕ್ಷ್ಮಿಯ ಕಂತು ತಡವಾಗುವುದು ನಿಜವಾದ ದೋಷ. ಲೇಖಕರು ಅದನ್ನು ಮುಟ್ಟಲೇ ಇಲ್ಲ.

ಐದು ಗ್ಯಾರಂಟಿಗಳಿಗೆ 2024-25ರ ರಾಜ್ಯ ಬಜೆಟ್ ಇಟ್ಟದ್ದು ಸುಮಾರು 52,000 ಕೋಟಿ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಕಂಪನಿ ತೆರಿಗೆ ಇಳಿಸಿ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡುವುದಾಗಿ ತಾನೇ ಹೇಳಿತು. ಆ ರಿಯಾಯಿತಿಯಿಂದ ಔರಾದಿಗೆ ಬಂದ ಕಾರ್ಖಾನೆ ಯಾವುದು, ಲೇಖಕರು ಹೆಸರಿಸಲಿ.