ನಡಿಗೆಯನ್ನು ಹಳಿಯುವವರಿಗೆ

ಕಳೆದ ಸಂಕ್ರಾಂತಿಗೆ ಊರಿಗೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬ ಗುಂಡ್ಲುಪೇಟೆಯಲ್ಲಿ ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, “ಸಾರ್, ಅಮೆರಿಕದಲ್ಲಿ ನೂರು ಮಾರು ದೂರದಿಂದಲೇ ನಮ್ಮವರನ್ನು ಗುರುತಿಸಿಬಿಡುತ್ತೇನೆ. ಕಾಲೆಳೆದುಕೊಂಡು, ಅತ್ತಿತ್ತ ನೋಡಿಕೊಂಡು ನಡೆಯುತ್ತಾರೆ. ಶಿಸ್ತಿಲ್ಲದ ಜನ” ಎಂದನು.

ಅವನು ಕಂಡದ್ದು ಸುಳ್ಳಲ್ಲ. ಮಗಳ ಮನೆಯಲ್ಲಿ ನಾಲ್ಕು ತಿಂಗಳು ನ್ಯೂಜೆರ್ಸಿಯಲ್ಲಿದ್ದಾಗ ನಾನೂ ಕಂಡೆ. ಅಲ್ಲಿಯವರು ತಲೆಯೆತ್ತಿ, ತೋಳು ಬೀಸಿ ನಡೆಯುತ್ತಿದ್ದರು. ನಾನೋ ಅಗಲವಾದ ಫುಟ್‌ಪಾತಿನ ಮೇಲೂ ನೆಲವನ್ನೇ ನೋಡುತ್ತ, ಬೆನ್ನ ಹಿಂದೆ ಲಾರಿಯ ಸದ್ದಿಗೆ ಕಿವಿಗೊಟ್ಟು ನಡೆಯುತ್ತಿದ್ದೆ. ಮೊಮ್ಮಗಳು ನಗುತ್ತಿದ್ದಳು. ಆದರೆ ಶಿಸ್ತಿಲ್ಲವೆಂಬ ಆ ತೀರ್ಪನ್ನು ಮಾತ್ರ ನಾನು ಒಪ್ಪಲಾರೆ.

ನಡಿಗೆ ಕಲಿತು ಬರುವಂಥದು. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೋಸ್ 1934ರ ಉಪನ್ಯಾಸವೊಂದರಲ್ಲಿ ಇದನ್ನು ಸೊಗಸಾಗಿ ಹೇಳಿದ್ದಾನೆ. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿಯ ದಾದಿಯರ ನಡಿಗೆಯನ್ನು ಹಿಂದೆ ಎಲ್ಲೋ ಕಂಡಂತೆ ಅವನಿಗೆ ಅನಿಸಿತು. ಸಿನಿಮಾದಲ್ಲಿ ಎಂಬುದು ಆಮೇಲೆ ಹೊಳೆಯಿತು. ಊರಿಗೆ ಮರಳಿದರೆ ಪ್ಯಾರಿಸಿನ ಹುಡುಗಿಯರೂ ಹಾಗೆಯೇ ನಡೆಯತೊಡಗಿದ್ದರು! ಅವರಿಗೆ ಸಿನಿಮಾ ಕಲಿಸಿತು. ನಮ್ಮವರಿಗೆ ಕಲಿಸಿದ್ದು ಯಾವುದು? ಊಟಿಗೂ ವಯನಾಡಿಗೂ ಹೋಗುವ ಎಷ್ಟೋ ವಾಹನಗಳು ಗುಂಡ್ಲುಪೇಟೆಯನ್ನು ಹಾಯ್ದೇ ಹೋಗುತ್ತವೆ. 2009ರಲ್ಲಿ ಬಂಡೀಪುರದ ರಾತ್ರಿ ಸಂಚಾರಕ್ಕೆ ನಿಷೇಧ ಬಂದ ಮೇಲಂತೂ ಒಂಬತ್ತರೊಳಗೆ ಗೇಟು ದಾಟುವ ಧಾವಂತ. ಆ ರಸ್ತೆಯ ಅಂಚಿನಲ್ಲಿ ಮೇವಿನ ಹೊರೆ ಹೊತ್ತು ಬರುವ ಹೆಂಗಸು ಅತ್ತಿತ್ತ ನೋಡದೆ ನಡೆದರೆ ಮನೆ ಸೇರುವಳೇ?

ನಾನು ಇಷ್ಟು ಖಾರವಾಗಿ ಬರೆಯುವುದಕ್ಕೆ ಬೇರೊಂದು ಕಾರಣವೂ ಉಂಟು. ಚಾಮರಾಜನಗರದ ಕಡೆ ಮೇಷ್ಟ್ರಾಗಿದ್ದಾಗ, ಗಣರಾಜ್ಯೋತ್ಸವದ ಕವಾಯತಿನಲ್ಲಿ, ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬಂದ ಸೋಲಿಗರ ಹುಡುಗನೊಬ್ಬನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಎಷ್ಟು ಹೇಳಿದರೂ ಹಿಮ್ಮಡಿ ಬಡಿಯದೆ ಬರಿಗಾಲನ್ನು ಮೆಲ್ಲಗೆ ಊರುತ್ತಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದೊಮ್ಮೆ ಅವನ ಪೋಡಿಗೆ ಹೋಗುವಾಗ ಅವನೇ ದಾರಿ ತೋರಿದ. ನನ್ನ ಬೂಟಿನಡಿ ತರಗೆಲೆ ಚರಚರ ಎನ್ನುತ್ತಿತ್ತು. ಅವನ ಹೆಜ್ಜೆಗೆ ಸದ್ದೇ ಇರಲಿಲ್ಲ. ಒಂದೆಡೆ ಥಟ್ಟನೆ ನಿಂತು ಕೈಯೆತ್ತಿದ. ಬಿದಿರು ಮುರಿಯುವ ಸದ್ದು ಆಮೇಲಷ್ಟೇ ನನಗೆ ಕೇಳಿಸಿತು. ಆನೆ ದಾಟುವವರೆಗೂ ಅವನ ಬೆನ್ನ ಹಿಂದೆ ನಿಂತಿದ್ದೆ. ಕವಾಯತಿನ ದಿನದ ಬಗ್ಗೆ ಅವನಲ್ಲಿ ಕ್ಷಮೆ ಕೇಳಲು ಅಂದೂ ನನಗೆ ಬಾಯಿ ಬರಲಿಲ್ಲ.

ಬರಿಗಾಲಿನಲ್ಲೇ ನಡೆದು ಬೆಳೆದ ಭಾರತೀಯರ ಪಾದಗಳನ್ನು ಅಳೆದು ನೋಡಿದ ಸಂಶೋಧಕರು 2009ರಲ್ಲಿ, ಅಂಥ ಪಾದ ಅಗಲವಾಗಿದ್ದು ಒತ್ತಡವನ್ನು ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತದೆ ಎಂದು ಬರೆದರು. ನಾನು ತಿದ್ದಲು ಹೊರಟದ್ದು ಅಂಥ ಪಾದವನ್ನು.

ಆದ್ದರಿಂದ, ಮಗೂ, ಮುಂದಿನ ಸಲ ಬಂದಾಗ ಕಾರನ್ನು ಮನೆಯಲ್ಲೇ ಬಿಟ್ಟು ಬಾ. ಸಂಜೆ ಏಳರ ಮೇಲೆ ಊಟಿ ರಸ್ತೆಯ ಅಂಚಿನಲ್ಲಿ ಒಂದು ಮೈಲಿ ನನ್ನೊಡನೆ ನಡೆ. ನಿನ್ನ ಅಮೆರಿಕದ ನಡಿಗೆಯಲ್ಲೇ, ತಲೆಯೆತ್ತಿ, ತೋಳು ಬೀಸಿ ನಡೆ. ನಾನು ಮಾತ್ರ ಅತ್ತಿತ್ತ ನೋಡುತ್ತ ನಿನ್ನ ಹಿಂದೆ ಬರುತ್ತೇನೆ.