ಕೋಳಿಗಳು ಕಲಿಸಿದ ಪಾಠ

ಅನ್ನ ಮಲ್ಲಿಗೆ ಹೂವಿನಂತೆ ಬೆಳ್ಳಗಿರಬೇಕೆಂಬುದು ನಮ್ಮಲ್ಲಿ ಅನೇಕರ ಆಸೆ. ಆ ಬಿಳುಪಿಗೆ ನಾವು ತೆರುವ ಬೆಲೆ ಏನು? ಅದನ್ನು ತೋರಿಸಿಕೊಟ್ಟದ್ದು ಜಾವಾ ದ್ವೀಪದ ಕೆಲವು ಕೋಳಿಗಳು!

1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅಲ್ಲಿನ ಬಟಾವಿಯಾದಲ್ಲಿ (ಈಗಿನ ಜಕಾರ್ತಾ) ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಈ ರೋಗದಲ್ಲಿ ಕಾಲು ಜೋಮು ಹಿಡಿದು ಬಲಗುಂದುತ್ತದೆ, ಹೃದಯವೂ ಸೋಲಬಹುದು. ಪಾಲಿಷ್ ಅಕ್ಕಿ ತಿಂದ ಕೋಳಿಗಳಿಗೂ ಅಂಥದೇ ಕಾಯಿಲೆ ಬಂತು. ತೌಡು ಕೊಟ್ಟಾಗ ಚೇತರಿಸಿಕೊಂಡವು. ತೌಡಿನಲ್ಲಿದ್ದ ಆ ವಸ್ತುವೇ ಥಯಾಮಿನ್, ಅಂದರೆ ಬಿ1 ಜೀವಸತ್ತ್ವ. 1926ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು.

ಚಿಟಿಕೆಗೂ ಕಡಿಮೆಯ ಈ ವಸ್ತುವಿಗೆ ಇಷ್ಟೇಕೆ ಮಹತ್ವ? ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ಹಲವು ಕಿಣ್ವಗಳು ಒಂಟಿಯಾಗಿ ದುಡಿಯಲಾರವು. ಸಹಕಿಣ್ವವೆಂಬ ಸಣ್ಣ ಅಣುವೋ ಲೋಹದ ಅಯಾನೋ ಜೊತೆಗಿರಬೇಕು. ಮಡಚಿಕೊಂಡ ಪ್ರೋಟೀನಿನೊಳಗೆ ಅದಕ್ಕೆಂದೇ ಒಂದು ಗೂಡಿರುತ್ತದೆ.

ಥಯಾಮಿನ್ ದೇಹದಲ್ಲಿ ಎರಡು ಫಾಸ್ಫೇಟ್ ಗುಂಪುಗಳನ್ನು ಪಡೆದು ಸಹಕಿಣ್ವವಾಗುತ್ತದೆ. ಫಾಸ್ಫೇಟಿನದು ಋಣ ವಿದ್ಯುದಂಶ. ಗೂಡಿನಲ್ಲಿಯೂ ಋಣ ವಿದ್ಯುದಂಶದ ಗುಂಪು ಇದೆ. ಹಾಗಾದರೆ ಅವು ಒಂದನ್ನೊಂದು ದೂರ ತಳ್ಳಬೇಕಲ್ಲವೆ? ನಡುವೆ ಧನ ವಿದ್ಯುದಂಶದ ಮೆಗ್ನೀಸಿಯಮ್ ಅಯಾನು ನಿಂತು ಎರಡನ್ನೂ ಹಿಡಿದಿಡುತ್ತದೆ! ಆಗ ಕಿಣ್ವವು ಗ್ಲೂಕೋಸಿನಿಂದ ಬಂದ ಪೈರುವೇಟನ್ನು ಶಕ್ತಿ ಉತ್ಪಾದನೆಯ ಮುಂದಿನ ಹಂತಕ್ಕೆ ಸಾಗಿಸುತ್ತದೆ. ಗೂಡು ಖಾಲಿಯಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಹೊಟ್ಟೆ ತುಂಬ ಉಂಡರೂ ಜೀವಕೋಶಕ್ಕೆ ಉಪವಾಸ. ಗ್ಲೂಕೋಸನ್ನೇ ಹೆಚ್ಚಾಗಿ ನೆಚ್ಚಿದ ಮಿದುಳು, ನರಗಳು ಬೇಗ ಬಳಲುತ್ತವೆ.

ಇದು ಹಳೆಯ ಕತೆಯಲ್ಲ. ಬೆಂಗಳೂರಿನ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಹಸುಳೆಗಳು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಆಸ್ಪತ್ರೆ ಸೇರಿದ್ದವು. ಥಯಾಮಿನ್ ಕೊಟ್ಟಾಗ ಚೇತರಿಸಿಕೊಂಡವು. ಅವುಗಳ ತಾಯಂದಿರು ಪಾಲಿಷ್ ಅಕ್ಕಿಯ ಅನ್ನವೇ ಮುಖ್ಯವಾದ ಬಾಣಂತಿ ಪಥ್ಯದಲ್ಲಿದ್ದರು.

ನಮ್ಮ ಕರಾವಳಿಯ ಕುಚ್ಚಲಕ್ಕಿಯ ಜಾಣತನ ನೋಡಿ! ಭತ್ತವನ್ನು ಮೊದಲೇ ಬೇಯಿಸುವುದರಿಂದ ತೌಡಿನ ಥಯಾಮಿನ್ ಒಂದಷ್ಟು ಕಾಳಿನೊಳಕ್ಕೆ ಇಳಿಯುತ್ತದೆ. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಅಕ್ಕಿಯನ್ನು ಮತ್ತೆ ಮತ್ತೆ ತೊಳೆದರೆ, ಗಂಜಿ ಬಸಿದು ಚೆಲ್ಲಿದರೆ ನಷ್ಟ. ಬೇಳೆಕಾಳು, ಕಡಲೆಕಾಯಿಯಲ್ಲಿಯೂ ಥಯಾಮಿನ್ ಉಂಟು. ಮನೆಯ ಬಾಣಂತಿಗೆ ಇದು ಬೇಡ, ಅದು ಬೇಡ ಎನ್ನುವ ಮುನ್ನ ಹಿರಿಯರು ವೈದ್ಯರನ್ನು ಒಂದು ಮಾತು ಕೇಳುವುದು ಒಳ್ಳೆಯದು.